ಅನೀಸ್ ಮೇಷ್ಟ್ರ ಚಾರ್ಜು

ತಪ್ಪು ಯಾರದು ಎಂದು ಕೇಳಿದರೆ ಅನೀಸ್ ಅಹಮದ್ ಮೇಷ್ಟ್ರು ಇವತ್ತಿಗೂ ಅಂಗಿಯ ಜೇಬಿನದು ಎನ್ನುತ್ತಾರೆ. ಆ ಜೇಬಿನಲ್ಲಿ ಎರಡು ಚೀಟಿ ಇದ್ದವು. ಒಂದು ಅಡುಗೆಯ ರುಕ್ಮಿಣಮ್ಮನಿಗೆ ಕೊಡಬೇಕಾದ ಬಿಸಿಯೂಟದ ಚೀಟಿ, ಇನ್ನೊಂದು ಮೇಷ್ಟ್ರ ಸ್ವಂತದ್ದು. ಬೆಳಿಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ರುಕ್ಮಿಣಮ್ಮನಿಗೆ ಕೊಟ್ಟು, "ಇದ್ರಲ್ಲಿರೋದೆಲ್ಲ ಮಾಡ್ಬಿಡಮ್ಮ, ಈಗ ಬಂದ್ಬಿಟ್ಟೆ" ಎಂದು ಬೈಕ್ ಹತ್ತಿದರು.

ಮೇಷ್ಟ್ರಿಗೆ ಮರೆವು ಜಾಸ್ತಿ, ಅದಕ್ಕೇ ಚೀಟಿ. ಮತದಾರರ ಪಟ್ಟಿಯ ಕೆಲಸದ್ದು ಚೀಲದಲ್ಲಿ, ಹಾಲಿನಪುಡಿ ಲೆಕ್ಕದ್ದು ಹೆಲ್ಮೆಟ್ಟಿನೊಳಗೆ, ಮನೆಯದು ಬೈಕಿನ ಸೀಟಿನ ಕೆಳಗೆ. ಯಾವುದು ಎಲ್ಲಿದೆ ಎಂಬುದಕ್ಕೆ ಬೇರೊಂದು ಚೀಟಿ. ಅದು ಹೋದ ವಾರದಿಂದ ಸಿಕ್ಕಿಲ್ಲ.

ಆದರೆ ಅವತ್ತು ಒಂದೇ ಒಂದನ್ನು ಅವರು ಮರೆತಿರಲಿಲ್ಲ. ತೂಬಗೆರೆ ಆಚೆಯ ಈ ಶಾಲೆಯ ಹೆಡ್‌ಮೇಷ್ಟ್ರು ನಿವೃತ್ತರಾದಾಗ "ಎರಡು ತಿಂಗಳು ಚಾರ್ಜ್ ನೋಡ್ಕೊಳ್ಳಿ" ಎಂದಿದ್ದರು ಮೇಲಿನವರು. ಆ ಎರಡು ತಿಂಗಳು ನಾಲ್ಕು ವರ್ಷವಾಗಿತ್ತು. ಕನ್ನಡ ಪಾಠ ಮಾಡಿ ಎಷ್ಟು ಕಾಲವಾಯಿತೋ! ಮೊನ್ನೆ ಆರನೇ ಕ್ಲಾಸಿನ ಸ್ನೇಹ, "ಸಾರ್, ನಮ್ಗೆ ಕನ್ನಡ ಮೇಷ್ಟ್ರು ಯಾವಾಗ ಬರ್ತಾರೆ?" ಎಂದು ಕೇಳಿದ್ದಳು. "ನಾನೇ ಕಣಮ್ಮ" ಎನ್ನುವಾಗ ಮೇಷ್ಟ್ರಿಗೆ ಅಳು ಬಂದಿತ್ತು.

ಕೊನೆಗೆ ದೇವರು ಕಣ್ಣುಬಿಟ್ಟ. ಸದಾ ಫೋನಿನಲ್ಲೇ ಮುಳುಗಿರುವ ಹುಡುಗ, ವಿಜ್ಞಾನದ ಮೇಷ್ಟ್ರು ಅಶೋಕ್, "ಆಯ್ತು ಸಾರ್, ನಾನು ತಗೋತೀನಿ" ಎಂದಿದ್ದ. ಇವತ್ತು ಸಂಜೆಯೊಳಗೆ ಚಾರ್ಜ್ ಕೊಟ್ಟರೆ ಸರಿ, ಇಲ್ಲದಿದ್ದರೆ ಈ ವರ್ಷವೂ ನೀವೇ ಎಂದು ದೊಡ್ಡಬಳ್ಳಾಪುರದ ಶಿಕ್ಷಣಾಧಿಕಾರಿ ಆಫೀಸಿನವರು ಹೇಳಿಬಿಟ್ಟಿದ್ದರು. ಮಧ್ಯಾಹ್ನ ಅಶೋಕ್ ತರಬೇತಿಗೆಂದು ದೇವನಹಳ್ಳಿಗೆ ಹೊರಡುವ ಮುಂಚೆ ಸಹಿ ಆಗಬೇಕು. ಸಹಿಯ ಪುಸ್ತಕ ಬೀರುವಿನಲ್ಲಿ, ಬೀರುವಿನ ಬೀಗದಕೈ ದೊಡ್ಡಬಳ್ಳಾಪುರದ ಮನೆಯಲ್ಲಿ.

ಮನೆಯಲ್ಲಿ ಹೆಂಡತಿ ಶಂಶುನ್ನೀಸಾ ಹಾಸಿಗೆ ಕೊಡವಿದಳು, ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ಕಡೆಗೆ ಫ್ರಿಜ್ಜಿನ ಬಾಗಿಲು ತೆಗೆದು ಹಣೆ ಚಚ್ಚಿಕೊಂಡಳು. "ಅಜೀ, ಮೊಸರಿನ ಪಕ್ಕದಲ್ಲಿ ಇಟ್ಟಿದ್ದೀರಲ್ಲ! ನಿಮ್ಮ ತಲೆ ಎಲ್ಲಿಟ್ಟಿದ್ದೀರಿ?"

"ಅದನ್ನೂ ಚೀಟಿಲಿ ಬರ್ದಿದ್ದೆ" ಎಂದರು ಮೇಷ್ಟ್ರು.

ತಣ್ಣಗಿನ ಬೀಗದಕೈ ಹಿಡಿದು ಶಾಲೆಗೆ ಓಡಿ ಬಂದರೆ ಅಶೋಕ್ ಹೊರಟುಹೋಗಿದ್ದ. ಫೋನ್ ಮಾಡೋಣವೆಂದರೆ ಮೇಷ್ಟ್ರ ಫೋನ್ ಸತ್ತಿತ್ತು. ಚಾರ್ಜರ್ ಮೇಜಿನ ಪಕ್ಕ ಇರಲಿಲ್ಲ. ಅದನ್ನೂ ಎಲ್ಲೋ ಮರೆತೆ ಎಂದು ತಮ್ಮನ್ನೇ ಬೈದುಕೊಂಡು, ಇನ್ನೊಂದು ದಿನ ಗಡುವು ಕೇಳೋಣವೆಂದು ಮತ್ತೆ ದೊಡ್ಡಬಳ್ಳಾಪುರಕ್ಕೆ ಬೈಕ್ ತಿರುಗಿಸಿದರು.

ಆಫೀಸಿನ ಗುಮಾಸ್ತ ಮುನಿರಾಜ್ ಎದ್ದುನಿಂತು ಕೈಕುಲುಕಿದ. "ಬನ್ನಿ ಮೇಷ್ಟ್ರೇ! ಅಂತೂ ಚಾರ್ಜ್ ಕೊಟ್ರಂತೆ!"

"ಇಲ್ಲಪ್ಪ, ಕೊಡಕ್ಕಾಗ್ಲಿಲ್ಲ..."

"ಏನ್ ಸಾರ್ ನೀವು! ನಿಮ್ ಫೋನ್ ಸ್ವಿಚ್ ಆಫ್ ಅಂತ ಅಡುಗೆಯಮ್ಮಂಗೆ ಮಾಡಿದ್ದೆ. ಕೊಟ್ಟಾಯ್ತು, ಅಶೋಕ್ ಮೇಷ್ಟ್ರು ನಗ್‌ನಗ್ತಾ ತಗೊಂಡ್ರು ಅಂದ್ರು."

"ನಾನು ಕೊಟ್ಟೇ ಇಲ್ವಲ್ಲ!"

"ಮರ್ತಿರ್ತೀರ ಬಿಡಿ" ಎಂದ ಮುನಿರಾಜ್, ಕಾಯಿಲೆಯವರಿಗೆ ಸಮಾಧಾನ ಹೇಳುವ ದನಿಯಲ್ಲಿ.

ಮೇಷ್ಟ್ರು ಯೋಚಿಸಿದರು. ಬೀಗದಕೈಯನ್ನು ಮೊಸರಿನ ಪಕ್ಕ ಇಟ್ಟ ಮನುಷ್ಯ, ಚಾರ್ಜ್ ಕೊಟ್ಟು ಮರೆತಿರಬಾರದೇಕೆ? ಯೋಚಿಸಿದಷ್ಟೂ ಕೊಟ್ಟಿದ್ದೇ ನಿಜವೆನಿಸಿತು. ಎದೆ ಹಗುರಾಯಿತು. ನಾಳೆ ಮೊದಲ ಪೀರಿಯಡ್ಡೇ ಆರನೇ ಕ್ಲಾಸಿಗೆ ಹೋಗಬೇಕು ಎಂದುಕೊಂಡರು.

"ಕೈ ಖಾಲಿ ಆಯ್ತಲ್ಲ, ಅದಕ್ಕೇ ಸಾಹೇಬ್ರು ಪಕ್ಕದೂರಿನ ಶಾಲೆ ಚಾರ್ಜ್ ನಿಮಗೇ ಹಾಕಿದ್ದಾರೆ. ಆರ್ಡರ್ ತಗೊಳ್ಳಿ" ಎಂದು ಮುನಿರಾಜ್ ಕಾಗದ ಚಾಚಿದ.

ಮೇಷ್ಟ್ರು ಕಾಗದವನ್ನು ಅವನ ಕಡೆಗೇ ತಳ್ಳಿದರು. "ಅಯ್ಯೋ, ನಾನು ಕೊಟ್ಟಿಲ್ಲ ಕಣಪ್ಪಾ! ನಿಮ್ ದಮ್ಮಯ್ಯ, ಅಶೋಕ್‌ನೇ ಕೇಳಿ!"

ಮುನಿರಾಜ್ ಅಶೋಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಏನ್ ಸಾರ್, ಅನೀಸ್ ಮೇಷ್ಟ್ರಿಂದ ಚಾರ್ಜ್ ತಗೊಂಡ್ರಾ?"

ಅತ್ತ ಕಡೆ ಬಸ್ಸಿನ ಗದ್ದಲ, ಮಾತಿನ ಬಾಲವೆಲ್ಲ ಅದರಲ್ಲೇ ಮುಳುಗುತ್ತಿತ್ತು. "ಆಂ? ಚಾರ್ಜರಾ? ತಗೊಂಡೆ ಗುರೂ. ಆದ್ರೆ ನಂಗೆ ಸೆಟ್ ಆಗ್ತಿಲ್ಲ. ಅವರ್ದು ಹಳೇದು. ನಾಳೆ ಬೆಳಿಗ್ಗೆ ಅವರಿಗೇ ವಾಪಸ್ ಕೊಟ್..." ಫೋನ್ ಆಫಾಯಿತು. ಮುನಿರಾಜ್ ಮತ್ತೆ ಮಾಡಿದ, ಸ್ವಿಚ್ ಆಫ್.

"ನೋಡಿ, ಅರ್ಧ ದಿನಕ್ಕೇ ವಾಪಸ್ ಕೊಡ್ತೀನಿ ಅಂತಾನೆ! ಈಗಿನ ಹುಡುಗ್ರಿಗೆ ಜವಾಬ್ದಾರಿನೇ ಇಲ್ಲ" ಎಂದು ಮುನಿರಾಜ್ ಲೊಚಗುಟ್ಟಿದ. "ಸಾಹೇಬ್ರು ಸೈನ್ ಮಾಡಾಗಿದೆ, ಇನ್ನು ಬದಲಾಯ್ಸಕ್ಕಾಗಲ್ಲ. ಎರಡೂ ನೀವೇ ನೋಡ್ಕೊಳ್ಳಿ ಸಾರ್. ಒಂದೆರಡು ತಿಂಗಳು ಅಷ್ಟೆ."

ಮೇಷ್ಟ್ರು ಆರ್ಡರನ್ನು ಜೇಬಿಗೆ ತುರುಕಿ, ಶಾಲೆಯಲ್ಲೇ ಮರೆತಿದ್ದ ಚೀಲಕ್ಕಾಗಿ ಮತ್ತೆ ಅಷ್ಟು ದೂರ ಹೋದರು. ಸಂಜೆಯಾಗಿತ್ತು. ಅಡುಗೆಮನೆಗೆ ಬೀಗ ಹಾಕುತ್ತಿದ್ದ ರುಕ್ಮಿಣಮ್ಮ ಹೆಮ್ಮೆಯಿಂದ ಚೀಟಿ ಹಿಡಿದು ಬಂದಳು.

"ಎಲ್ಲಾ ಮಾಡಾಯ್ತು ಸಾರ್. ಮೊಟ್ಟೆ ಎಷ್ಟು ಅಂತ ನೀವು ಬರ್ದಿರ್ಲಿಲ್ಲ, ನಾನೇ ಅಂದಾಜಲ್ಲಿ ಬೇಯ್ಸ್ದೆ. ಗುಲಾಬಿ ಗಿಡಕ್ಕೆ ನೀರು, ಹಾಕ್ದೆ. ಆರನೇ ಕ್ಲಾಸ್ ನೋಟ್‌ಬುಕ್ ತಿದ್ದೋದು, ಅದು ನಂಗೆ ಬರಲ್ಲ, ಎಲ್ಲಾದಕ್ಕೂ ರೈಟ್ ಹಾಕ್ಬಿಟ್ಟೆ. ಆಮೇಲೆ ಅಶೋಕ್ ಮೇಷ್ಟ್ರಿಗೆ ಚಾರ್ಜ್ ಕೊಡೋದು. ನಿಮ್ ಮೇಜಿನ ಪಕ್ಕದಿಂದ ಕಿತ್ತು, ವೈರ್ ಸುತ್ತಿ ಕೊಟ್ಟೆ. ಪಾಪ, ಅವರ ಫೋನೂ ಸಾಯೋಂಗಿತ್ತು. ಎಷ್ಟು ಖುಷಿಪಟ್ರು ಅಂತೀರಾ!"

ಮೇಷ್ಟ್ರು ಜೇಬಿಗೆ ಕೈ ಹಾಕಿ ಇನ್ನೊಂದು ಚೀಟಿ ತೆಗೆದರು. ಅದರಲ್ಲಿ ಬಿಸಿಯೂಟದ ಮೊಟ್ಟೆ, ಟೊಮೇಟೊ, ಎಣ್ಣೆಯ ಲೆಕ್ಕವಿತ್ತು. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವರ ಮುಖ ನೋಡಿ ರುಕ್ಮಿಣಮ್ಮನಿಗೆ ಕರುಳು ಚುರುಕ್ ಎಂದಿತು. "ಕೊಡಬಾರ್ದಿತ್ತಾ ಸಾರ್? ಬೇಜಾರ್ ಮಾಡ್ಕೋಬೇಡಿ. ನಾಳೆ ನಾನೇ ಕೇಳಿ ವಾಪಸ್ ಇಸ್ಕೊಡ್ತೀನಿ."

"ಕೇಳೋದೇನೂ ಬೇಡಮ್ಮ, ಅದಾಗೇ ವಾಪಸ್ ಬರುತ್ತೆ" ಎಂದರು ಅನೀಸ್ ಮೇಷ್ಟ್ರು. "ಬರೋವಾಗ ಜೊತೆಗೆ ಇನ್ನೊಂದನ್ನೂ ಕರ್ಕೊಂಡ್ ಬರ್ತಿದೆ."