ರಾಜರಿಗೆ ಸಲಹೆ, ಸ್ವೋರ್ಡ್ಸ್‌ನಿಂದ ಸಪೋರ್ಟ್

ಇಂಥ ಪ್ರಸಂಗಗಳನ್ನ ನಾನೇನು ಹುಡುಕಿಕೊಂಡು ಹೋಗಲ್ಲ. ಅವೇ ನನ್ನ ನಂಬರ್ ಹುಡುಕಿ ಫೋನ್ ಮಾಡ್ತವೆ. ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನಲ್ಲಿ, ವಿಮಾನ ಇಳಿಯುವಾಗ ಟೇಬಲ್ ಮೇಲಿನ ಟೀ ಕಪ್ ನಡುಗುವಷ್ಟು ಹತ್ತಿರದಲ್ಲಿ, ನಮ್ಮದೊಂದು ಸಣ್ಣ ಕಂಪನಿ. ಸಭೆ ನಡೆಸೋ ಸಾಫ್ಟ್‌ವೇರ್ ಮಾಡ್ತೀವಿ. ಮೈಕ್ ಯಾರಿಗೆ, ಎಷ್ಟು ನಿಮಿಷ, ಯಾವ ಕಡೆಗೆ ಎಷ್ಟು ಓಟು, ಇಷ್ಟೇ. ನಮ್ಮ ಅತಿ ದೊಡ್ಡ ಗಿರಾಕಿ ಅಂದ್ರೆ ಮರಳುಗಾಡಿನ ಒಂದು ರಾಜರ ದೇಶದ ರಾಷ್ಟ್ರೀಯ ಸಲಹಾ ಸಭೆ. ಯಾವ ದೇಶ ಅಂತ ಹೇಳಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ; ಅದಕ್ಕಿಂತ ಹೆಚ್ಚಾಗಿ, ನಮ್ಮ ಆಪಾ, ಅಂದ್ರೆ ನನ್ನ ಅಕ್ಕ, ಅದೇ ದೇಶದಲ್ಲಿ ಒಬ್ಬರ ಮನೇಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡ್ಕೊಂಡಿದ್ದಾಳೆ.

ಆ ಸಭೆಗೆ ಚುನಾವಣೆ ಇಲ್ಲ. ಸದಸ್ಯರನ್ನ ರಾಜರೇ ನಾಲ್ಕು ವರ್ಷಕ್ಕೊಮ್ಮೆ ಆರಿಸ್ತಾರೆ. ಪ್ರೊಫೆಸರು, ಡಾಕ್ಟರು, ರಿಟೈರಾದ ಇಂಜಿನಿಯರು, ಎಲ್ಲಾ ಓದಿಕೊಂಡ ಜನ. ಮಸೂದೆ ಬರುತ್ತೆ, ಸಮಿತಿ ಕೂರುತ್ತೆ, ಚರ್ಚೆ ಆಗುತ್ತೆ, ಓಟು ಬೀಳುತ್ತೆ. ಗೆದ್ದದ್ದು ಕಾನೂನಾಗಲ್ಲ, ಸಲಹೆ ಆಗುತ್ತೆ. ಸಲಹೆ ಅರಮನೆಗೆ ಹೋಗುತ್ತೆ. ಆಮೇಲಿನದು ರಾಜರ ಚಿತ್ತ.

ಹಸಿರು ಅಕ್ಷರ

ನಮ್ಮ ಸಿಸ್ಟಮ್ ಅಲ್ಲಿ ಶುರುವಾದ ಮೊದಲ ದಿನ. ಮೊದಲ ಓಟು ಮುಗೀತು, ದೊಡ್ಡ ಪರದೆ ಮೇಲೆ ಹಸಿರು ಅಕ್ಷರದಲ್ಲಿ ಬಂತು: 'ಮಸೂದೆ ಅಂಗೀಕಾರವಾಗಿದೆ.' ನಾವು ಸ್ವೋರ್ಡ್ಸ್‌ನಲ್ಲಿ ಕೂತು ಚಪ್ಪಾಳೆ ತಟ್ಟಿದ್ವಿ. ಚಪ್ಪಾಳೆ ನಿಲ್ಲೋ ಮುಂಚೆ ಅಲ್ಲಿನ ಸಭೆಯ ಕಾರ್ಯದರ್ಶಿಗಳ ಫೋನು.

"ಅಂಗೀಕಾರ ಅಂತ ಬಂದಿದೆ. ಯಾರು ಅಂಗೀಕರಿಸಿದ್ದು?"

"ಸಭೆ, ಸರ್. ಬಹುಮತ ಬಂತಲ್ಲ."

"ಬಹುಮತ ಬಂದ್ರೆ?"

ಹುಟ್ಟಿದಾಗಿನಿಂದ ಯಾರೂ ನನ್ನನ್ನ ಹೀಗೆ ಕೇಳಿರಲಿಲ್ಲ.

"ನೋಡಿ, ನಮ್ಮ ಸಭೆ ಏನನ್ನೂ ಅಂಗೀಕರಿಸಲ್ಲ," ಅಂದ್ರು ಅವರು, ತುಂಬ ಸಮಾಧಾನವಾಗಿ. "ಪರದೆ ನೋಡಿದವರಿಗೆ ತಪ್ಪು ಕಲ್ಪನೆ ಬರಬಾರದು. ಹತ್ತು ನಿಮಿಷದಲ್ಲಿ ಸರಿ ಮಾಡಿ."

ಆ ದಿನ ಬಂದ ದೂರುಗಳಲ್ಲಿ 'ಅತಿ ಗಂಭೀರ' ಅಂತ ಗುರುತು ಹಾಕಿದ್ದು ಇದೊಂದಕ್ಕೇ. ಮೈಕ್ ಕೆಟ್ಟಿದ್ದು 'ಸಾಧಾರಣ'ದಲ್ಲಿತ್ತು. ಎಂಟು ಸಲ ಮಾತು ತಿದ್ದಿ, ಕೊನೆಗೆ ಅವರೇ ಒಪ್ಪಿದ ವಾಕ್ಯ: 'ಸಭೆಗೆ ಹೀಗೆ ಅನಿಸಿದೆ.' ಓಟು ಬಿದ್ದುಹೋದ್ರೆ: 'ಸಭೆಗೆ ಹೀಗೆ ಅನಿಸಿಲ್ಲ.' ಹಸಿರು ಬಣ್ಣವೂ ಜಾಸ್ತಿ ಆಯ್ತು ಅಂತ ಬೂದು ಮಾಡಿಸಿದ್ರು.

ನಮ್ಮ ಮ್ಯಾನೇಜರ್ ಇಲ್ಲಿನ ಕಾರ್ಕ್ ಊರಿನ ಹೆಂಗಸು. ಹೊಸ ಪರದೆ ನೋಡಿ, "ಗ್ರ್ಯಾಂಡ್," ಅಂದ್ರು. "ನಮ್ಮ ಮನೆಗೂ ಒಂದು ಹಾಕಿಕೊಡು. ನನ್ನ ಗಂಡನ ಓಟನ್ನ ನಾನೂ ಹೀಗೇ ಗೌರವದಿಂದ ತಗೋತೀನಿ."

ಹೋಗೋ ಬಾಣ

ಸಭೆಯ ಕೆಲಸ ಹೇಗೆ ಸಾಗುತ್ತೆ ಅನ್ನೋ ಚಿತ್ರ ಬರೀಬೇಕಿತ್ತು. ಡಬ್ಬಿ, ಬಾಣ, ಡಬ್ಬಿ, ಬಾಣ. ಸಮಿತಿಯಿಂದ ಸಭೆಗೆ ಬಾಣ, ಸಭೆಯಿಂದ ಅರಮನೆಗೆ ಬಾಣ. ಅಲ್ಲಿಗೆ ಚಿತ್ರ ನಿಂತುಹೋಯ್ತು. ವಿಡಿಯೋ ಕಾಲ್‌ನಲ್ಲಿ ಕಾರ್ಯದರ್ಶಿಗಳನ್ನ ಕೇಳಿದೆ: "ಸರ್, ಅರಮನೆಯಿಂದ ವಾಪಸ್ ಬರೋ ಬಾಣ ಎಲ್ಲಿ ಹಾಕಲಿ?"

"ಬೇಕಾಗಿಲ್ಲ."

ನಾನು ಸುಮ್ಮನಿರಬೇಕಿತ್ತು. ಆದ್ರೆ ಆ ವಾರ ಟೆಸ್ಟ್ ಮಾಡೋವಾಗ ಒಂದು ಸಲಹೆ ನನ್ನ ಕಣ್ಣಿಗೆ ಬಿದ್ದಿತ್ತು. ಸದಸ್ಯೆಯೊಬ್ಬರು, ಮಕ್ಕಳ ಡಾಕ್ಟರು, ಮೂರು ಸಲ ತಂದಿದ್ದ ಸಲಹೆ: ಮನೆಗೆಲಸದವರ ಪಾಸ್‌ಪೋರ್ಟನ್ನ ಯಜಮಾನರು ಇಟ್ಟುಕೊಳ್ಳಬಾರದು, ಅದು ಅವರವರ ಕೈಲೇ ಇರಬೇಕು. ಮೂರು ಸಲವೂ ಸಭೆಗೆ ಹಾಗೇ ಅನಿಸಿತ್ತು. ಮೂರು ಸಲವೂ ಅದು ಅರಮನೆಗೆ ಹೋಗಿತ್ತು.

ನಮ್ಮ ಅಬ್ಬಾ ಬೆಂಗಳೂರಲ್ಲಿ ತೀರಿಕೊಂಡಾಗ ನಾನು ಇಲ್ಲಿಂದ ಹನ್ನೆರಡು ಗಂಟೆಯೊಳಗೆ ಹೊರಟೆ. ಆಪಾಗೆ ಬರೋಕಾಗಲಿಲ್ಲ. ಅವಳ ಪಾಸ್‌ಪೋರ್ಟ್ ಯಜಮಾನರ ಲಾಕರ್‌ನಲ್ಲಿ, ಯಜಮಾನರು ಮಕ್ಕಳ ಜೊತೆ ರಜಾಕ್ಕೆ ಹೊರದೇಶದಲ್ಲಿ. ಅವರು ತಿರುಗಿ ಬರೋ ಹೊತ್ತಿಗೆ ಬೆಂಗಳೂರಲ್ಲಿ ನಲವತ್ತನೇ ದಿನದ ಫಾತಿಹಾನೂ ಮುಗಿದಿತ್ತು. ಆಪಾ ಹೋಗಿ ಕೇಳಿದ್ರೆ, ಯಜಮಾನಿ ಪಾಪ ಕಣ್ಣೀರು ಹಾಕಿ ಹೇಳಿದರಂತೆ, "ಇನ್ನು ಅವಸರ ಏನಿದೆ?"

ಅದಕ್ಕೇ ನನ್ನ ಬಾಯಿ ನಿಲ್ಲಲಿಲ್ಲ. "ಸರ್, ಅರಮನೆಗೆ ಹೋದ ಸಲಹೆಗಳಿಗೆ ಒಂದು ರಿಮೈಂಡರ್ ಇಡ್ಲಾ? ಮೂವತ್ತು ದಿನಕ್ಕೊಂದು ಈಮೇಲ್ ತಾನಾಗೇ ಹೋಗುತ್ತೆ."

ಅವರು ಕನ್ನಡಕ ತೆಗೆದ್ರು. "ರಿಮೈಂಡರ್ ಯಾರಿಗೆ ಹೋಗುತ್ತೆ?"

"ಅದು... ಅರಮನೆಗೆ."

"ಕಳಿಸಿದವರು ಯಾರು ಅಂತ ಇರುತ್ತೆ?"

"ಯಾರೂ ಅಲ್ಲ ಸರ್, ಸಿಸ್ಟಮ್."

"ಸಿಸ್ಟಮ್ ಎಲ್ಲಿದೆ?"

"ಐರ್ಲೆಂಡ್‌ನಲ್ಲಿ."

"ಅದಕ್ಕೇ ಅದಕ್ಕೆ ಇಷ್ಟು ಧೈರ್ಯ," ಅಂದ್ರು. "ನನ್ನ ಕುರ್ಚಿ ಇಲ್ಲಿದೆ."

ಗಂಟಲು

ಒಂದು ಸಲ ಆ ಸಭೆಯ ಮೂರು ಜನ ಸದಸ್ಯರು ತರಬೇತಿಗೆ ಅಂತ ಸ್ವೋರ್ಡ್ಸ್‌ಗೆ ಬಂದ್ರು. ಅವರಲ್ಲಿ ಹಿರಿಯರು ಒಬ್ಬ ನೀರಾವರಿ ಇಂಜಿನಿಯರ್. ಎಪ್ಪತ್ತು ದಾಟಿದ ವಯಸ್ಸು, ಮೆತ್ತಗಿನ ಮಾತು, ಜೇಬಲ್ಲಿ ಯಾವಾಗಲೂ ಖರ್ಜೂರ. ಎರಡನೇ ದಿನ ಮಧ್ಯಾಹ್ನ ಅವರನ್ನ ಡಬ್ಲಿನ್‌ಗೆ ಕರ್ಕೊಂಡು ಹೋಗಿ ಪಾರ್ಲಿಮೆಂಟ್ ತೋರಿಸೋ ಜವಾಬ್ದಾರಿ ನನ್ನ ತಲೆಗೆ ಬಂತು.

ಗ್ಯಾಲರಿಯಲ್ಲಿ ಕೂತಿದ್ವಿ. ಕೆಳಗೆ ವಿರೋಧ ಪಕ್ಷದ ಒಬ್ಬ ಸಣ್ಣ ವಯಸ್ಸಿನ ಸದಸ್ಯೆ ಮಂತ್ರಿಗಳನ್ನ ಬಾಡಿಗೆ ಮನೆ ವಿಷಯಕ್ಕೆ ತರಾಟೆಗೆ ತಗೊಂಡಿದ್ಲು. ಬೆರಳು ತೋರಿಸ್ತಾಳೆ, ಕಾಗದ ಬಡೀತಾಳೆ. ಮಂತ್ರಿ ನೀರು ಕುಡೀತಾ ಕೂತಿದ್ರು. ನಮ್ಮ ಹಿರಿಯರು ನನ್ನ ಕಿವಿಗೆ ಬಾಗಿದ್ರು.

"ಈ ಹುಡುಗಿಯನ್ನ ನೇಮಿಸಿದ್ದು ಯಾರು?"

"ಜನ, ಸರ್. ಓಟು ಹಾಕಿ."

"ಇಷ್ಟು ಬೈದ ಮೇಲೆ ಮನೆಗೆ ಹೋಗ್ತಾಳಾ?"

"ಹೋಗ್ತಾರೆ ಸರ್."

"ಅವಳ ಸ್ವಂತ ಮನೆಗೇನಾ?"

ಹೌದು ಅಂದೆ. ನಂಬಿಕೆ ಬರಲಿಲ್ಲ ಅನ್ಸುತ್ತೆ, ಬಾಗಿಲ ಹತ್ರ ಪೊಲೀಸ್ ಇದ್ದಾರಾ ಅಂತ ಒಮ್ಮೆ ತಿರುಗಿ ನೋಡಿದ್ರು. ಆಮೇಲೆ ನಿಧಾನವಾಗಿ ಅವರ ಮುಖ ಅರಳಿತು. ಖರ್ಜೂರ ತೆಗೆದು ನನಗೊಂದು ಕೊಟ್ಟು, ತಾವೊಂದು ಬಾಯಿಗೆ ಹಾಕ್ಕೊಂಡು, ಸಿನಿಮಾ ನೋಡೋ ಹಾಗೆ ಮುಂದಕ್ಕೆ ಬಗ್ಗಿ ಕೂತ್ರು. ನನಗೂ ಒಂಥರಾ ಹೆಮ್ಮೆ, ನಾನೇ ಕಟ್ಟಿಸಿದ ಪಾರ್ಲಿಮೆಂಟು ಅನ್ನೋ ಹಾಗೆ. ಸಂಜೆ ಓಟು ಆಯ್ತು. ಆ ಸದಸ್ಯೆ ತಂದಿದ್ದ ನಿರ್ಣಯ ಬಿದ್ದುಹೋಯ್ತು.

"ಅಂದ್ರೆ ಅವಳು ಕೇಳಿದ್ದು ಆಗಲ್ವಾ?"

"ಇಲ್ಲ ಸರ್, ಸರ್ಕಾರದ ಕಡೆ ಬಹುಮತ ಇದೆಯಲ್ಲ."

ಬಸ್ ಹತ್ತುವಾಗ ಹಿರಿಯರು ಅಂದ್ರು: "ನಮ್ಮ ಸಭೇಲೂ ಕೇಳಿದ್ದು ಆಗಲ್ಲ. ಆದ್ರೆ ಗಂಟಲಾದ್ರೂ ಉಳಿಯುತ್ತೆ."

ತಾರೀಖು

ಒಂದು ಮಂಗಳವಾರ ಬೆಳಿಗ್ಗೆ ಕಾರ್ಯದರ್ಶಿಗಳು ಫೋನ್ ಮಾಡಿದ್ರು. ನಿನ್ನೆ ರಾಜಾಜ್ಞೆ ಹೊರಟಿದೆ, ಇನ್ನು ಮೇಲೆ ಮನೆಗೆಲಸದವರ ಪಾಸ್‌ಪೋರ್ಟ್ ಅವರ ಕೈಲೇ. ನಾನು ಕುರ್ಚಿಯಿಂದ ಎದ್ದೇ ನಿಂತೆ.

"ಸರ್! ಡಾಕ್ಟರ್ ಮೇಡಂ ಸಲಹೆ ಒಪ್ಪಿದ್ರಾ?"

"ಯಾವ ಸಲಹೆ? ಇದು ರಾಜರಿಗೇ ಹೊಳೆದದ್ದು. ಈಗ ಸಮಸ್ಯೆ ಏನಂದ್ರೆ, ಹೀಗೆ ಮಾಡಬೇಕು ಅಂತ ಇವತ್ತು ಸಭೆ ಒಮ್ಮತದಿಂದ ಸಲಹೆ ಕೊಟ್ಟಿದೆ. ನಿಮ್ಮ ಸಿಸ್ಟಮ್ ಅದನ್ನ ತಗೋತಾ ಇಲ್ಲ. ಕೆಂಪು ತೋರಿಸ್ತಿದೆ."

ತೆಗೆದು ನೋಡಿದೆ. ಪರದೆ ಮೇಲೆ ಇದ್ದದ್ದು: 'ಸಲಹೆಯ ತಾರೀಖು ತೀರ್ಮಾನದ ತಾರೀಖಿನ ನಂತರ ಇರುವಂತಿಲ್ಲ.'

"ಈ ನಿಯಮ ಯಾರು ಬರೆದದ್ದು?"

"ನಾನೇ ಸರ್. ಸಲಹೆ ಮೊದಲು, ತೀರ್ಮಾನ ಆಮೇಲೆ ಅಲ್ವಾ ಅಂತ..."

"ಅದು ನಿಮ್ಮ ಅಭಿಪ್ರಾಯ. ತೆಗೀರಿ."

ತೆಗೆದೆ. ಒಂದೇ ಸಾಲು. ಸಲಹೆ ಒಳಗೆ ಹೋಯ್ತು. 'ಸಲಹೆ ತಂದವರು' ಅನ್ನೋ ಕಡೆ 'ಇಡೀ ಸಭೆ' ಅಂತ ಇತ್ತು, ಡಾಕ್ಟರ್ ಹೆಸರು ಎಲ್ಲೂ ಇರಲಿಲ್ಲ. ಓಟಿನ ದಾಖಲೆ ನೋಡಿದ್ರೆ, ಉಳಿದವರೆಲ್ಲ ಐದು ಸೆಕೆಂಡಿನೊಳಗೆ ಬಟನ್ ಒತ್ತಿದ್ರು. ಆಯಮ್ಮ ಮಾತ್ರ ಸಮಯ ಮುಗಿಯೋಕೆ ಎರಡು ಸೆಕೆಂಡ್ ಇರೋ ತನಕ ಕಾದು ಒತ್ತಿದ್ರು. ಆ ಹೊತ್ತು ಅವರು ಏನು ಯೋಚನೆ ಮಾಡಿದ್ರೋ, ಅದಕ್ಕೆ ನಮ್ಮ ಸಿಸ್ಟಮ್‌ನಲ್ಲಿ ಜಾಗ ಇಲ್ಲ.

ಮುಂದಿನ ವಾರ ಆಪಾ ಫೋನ್. "ಕೊಟ್ರು ಕಣೋ! ಪಾಸ್‌ಪೋರ್ಟ್ ಕೈಗೆ ಕೊಟ್ರು!" ಇಬ್ಬರೂ ಅತ್ತುಬಿಟ್ವಿ. ಆಮೇಲೆ ಅದನ್ನ ಬಿಡಿಸಿ ನೋಡಿದ್ಲು. ಅದರ ಅವಧಿ ಮುಗಿದು ಒಂದೂವರೆ ವರ್ಷ ಆಗಿತ್ತು.

ಹೊಸದಕ್ಕೆ ಓಡಾಡಿ, ರಜಾ ಕೇಳಿ, ಟಿಕೆಟ್ ಸಿಗೋ ಹೊತ್ತಿಗೆ ಇನ್ನೂ ಐದು ತಿಂಗಳು. ಬೆಂಗಳೂರಿಗೆ ಇಳಿದವಳೇ ಖಬರಸ್ತಾನದಲ್ಲಿ ಅಬ್ಬಾ ಸಮಾಧಿ ಹತ್ರ ಹೋಗಿ ಒಂದು ಗಂಟೆ ಕೂತಿದ್ದು ಬಂದ್ಲು. "ಏನು ಹೇಳಿದೆ ಆಪಾ?" ಅಂತ ಕೇಳಿದೆ.

"ತಡ ಆಯ್ತು, ಮಾಫ್ ಮಾಡಿ ಅಬ್ಬಾ, ರಾಜರು ಯೋಚನೆ ಮಾಡ್ತಾ ಇದ್ರು ಅಂತ ಹೇಳ್ದೆ."

ಲಾಗಿನ್ ಆಗ್ತಿಲ್ಲ

ಭಾನುವಾರ ಅವರಿಗೆ ಕೆಲಸದ ದಿನ. ಹಾಗಾಗಿ ನನಗೂ. ಒಂದು ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳಿಂದ ಈಮೇಲ್ ಬಂತು: ಸಭೆಯ ಅವಧಿ ಮುಗಿದಿದೆ, ರಾಜರು ಹೊಸ ಸಭೆ ರಚಿಸಿದ್ದಾರೆ, ಸಂಜೆ ಟಿವಿಯಲ್ಲಿ ಘೋಷಣೆ. ಜೊತೆಗೆ ಎರಡು ಪಟ್ಟಿ. ಮೊದಲ ಪಟ್ಟಿಯವರ ಖಾತೆ ಮುಚ್ಚಿ, ಎರಡನೇ ಪಟ್ಟಿಯವರದು ತೆರೆಯಿರಿ. ಅಡುಗೆಮನೆ ಟೇಬಲ್ ಮುಂದೆ ಕೂತು ಮೊದಲನೇದು ಮುಗಿಸಿ, ಎರಡನೇದು ಅರ್ಧ ಮಾಡಿ, ಮಗಳ ಮ್ಯಾಚಿಗೆ ಓಡಿದೆ. ಅವಳು ಆಡೋದು ಕಾಮೋಗಿ. ಹೆಣ್ಣುಮಕ್ಕಳು ಕೋಲು ಹಿಡಿದು ಚೆಂಡನ್ನ, ಕೆಲವು ಸಲ ಒಬ್ಬರನ್ನೊಬ್ಬರು, ಹೊಡೆಯೋ ಆಟ.

ಮೈದಾನದ ಅಂಚಲ್ಲಿ ಜಿಟಿಜಿಟಿ ಮಳೆಯಲ್ಲಿ ನಿಂತಿದ್ದಾಗ ಫೋನು. ನೀರಾವರಿ ಇಂಜಿನಿಯರ್, ಅದೇ ಖರ್ಜೂರದ ಹಿರಿಯರು.

"ಮಗು, ತೊಂದರೆ ಕೊಡ್ತಿದ್ದೀನಿ. ಬೆಳಿಗ್ಗೆಯಿಂದ ಲಾಗಿನ್ ಆಗ್ತಿಲ್ಲ. ನಾಳೆ ನಾನು ಅಂತರ್ಜಲದ ಬಗ್ಗೆ ಮಾತಾಡಬೇಕು. ನಲವತ್ತು ಪುಟ ಬರೆದಿದ್ದೀನಿ. ಪಾಸ್‌ವರ್ಡ್ ಮರೆತೆನೋ ಏನೋ."

"ಪಾಸ್‌ವರ್ಡ್ ಸರಿ ಇದೆ ಸರ್."

"ಮತ್ತೆ ಇಂಟರ್‌ನೆಟ್ಟಾ?"

"ಇಂಟರ್‌ನೆಟ್ಟೂ ಅಲ್ಲ ಸರ್. ನಿಮಗೆ... ಯಾರೂ ಫೋನ್ ಮಾಡಲಿಲ್ವಾ?"

ಅವರು ಬುದ್ಧಿವಂತರು. "ನಿನಗೆ ಯಾರು ಹೇಳಿದ್ದು?"

"ಈಮೇಲ್ ಬಂತು ಸರ್."

"ಐರ್ಲೆಂಡಿಗಾ?"

"ಹೌದು ಸರ್."

"ಮೂರು ಅವಧಿ, ಹನ್ನೆರಡು ವರ್ಷ ಸಲಹೆ ಕೊಟ್ಟೆ," ಅಂದ್ರು. "ಸುದ್ದಿ ನಿನಗೆ ಮೊದಲು ಬಂತು." ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ ಆಗಿದ್ದು. "ಹೋಗಲಿ, ನಮ್ಮ ಊರಿನಿಂದ ಯಾರನ್ನ ಹಾಕಿದ್ದಾರೆ?"

ಹೇಳಬಾರದು. ಆದ್ರೆ ಸಂಜೆ ಟಿವಿಯಲ್ಲಿ ಹೇಗೂ ಬರುತ್ತೆ, ಆ ಧ್ವನಿಗೆ ಇಲ್ಲ ಅನ್ನೋಕೂ ಆಗಲಿಲ್ಲ. ಫೋನಿನಲ್ಲೇ ಪಟ್ಟಿ ತೆಗೆದು ಹೆಸರು ಓದಿದೆ. ಅದೇ ಹೊತ್ತಿಗೆ ಮೈದಾನದಲ್ಲಿ ಎಲ್ಲಾ ಕೂಗಿದ್ರು. ನನ್ನ ಮಗಳು ಈ ಸೀಸನ್ನಿನ ಒಂದೇ ಒಂದು ಗೋಲು ಹೊಡೆದಿದ್ಲು, ನಾನು ನೋಡಲಿಲ್ಲ.

"ಇನ್ನೊಂದು ಸಲ ಓದು," ಅಂದ್ರು ಹಿರಿಯರು.

ಓದಿದೆ.

"ಅವನು ನನ್ನ ಅಳಿಯ."

ಶುಭಾಶಯ ಅನ್ನಲಾ, ಛೆ ಅನ್ನಲಾ?

"ಇವತ್ತು ಮಧ್ಯಾಹ್ನ ನನ್ನ ಮನೇಲೇ ಊಟ ಮಾಡಿದ. ನನ್ನ ಪಕ್ಕದಲ್ಲೇ ಕೂತಿದ್ದ. 'ಮಾವ, ನಾಳೆ ಅಂತರ್ಜಲದ ಭಾಷಣ ಜೋರಾಗಿರಲಿ' ಅಂತ ಬೇರೆ ಹೇಳಿದ. ನಾನು ಖುಷಿಯಿಂದ ಅವನ ತಟ್ಟೆಗೆ ಇನ್ನೊಂದು ಸಲ ಮಾಂಸ ಹಾಕಿದೆ."

"ಅವರಿಗೂ ಗೊತ್ತಿರಲಿಕ್ಕಿಲ್ಲ ಸರ್."

"ಮೂರು ಸಲ ಹಾಕಿಸಿಕೊಂಡ. ಗೊತ್ತಿತ್ತು."

ಮಳೆ ಜೋರಾಯ್ತು. ಅವರೇ ಫೋನ್ ಇಡಲಿ ಅಂತ ಕಾದೆ. ಇಡಲಿಲ್ಲ. ಕೊನೆಗೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ನಿಂತು ಮಾತಾಡೋ ಗತ್ತಿನಲ್ಲಿ ಕೇಳಿದ್ರು:

"ಅವನ ಖಾತೆ ತೆರೆಯೋನು ನೀನೇನಾ?"

"ಹೌದು ಸರ್. ಮನೆಗೆ ಹೋಗಿ ಮಾಡಬೇಕು."

"ಅವನಿಗೆ ಯಾವುದೂ ನೆನಪಿರಲ್ಲ. ಹೆಂಡತಿ ಹುಟ್ಟಿದ ದಿನವೂ ಮರೀತಾನೆ. ನನ್ನದೊಂದು ಸಲಹೆ. ಪಾಸ್‌ವರ್ಡ್ ಸ್ವಲ್ಪ ಉದ್ದದ್ದು ಕೊಡು."

ಹನ್ನೆರಡು ವರ್ಷದಲ್ಲಿ ಅವರ ಒಂದು ಸಲಹೆಯಾದ್ರೂ ಕೂಡಲೇ ಜಾರಿಗೆ ಬರಲಿ ಅಂತ, ಮನೆಗೆ ಹೋದವನೇ ಇಪ್ಪತ್ತೆಂಟು ಅಕ್ಷರದ್ದು ಇಟ್ಟೆ.