ಐದನೆಯ ಭಾಗದಲ್ಲಿ ಗಂಡನನ್ನು ಬಿಟ್ಟವಳು

ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವರು ಮನರಂಜನೆಗೆ ಪುಸ್ತಕವನ್ನೇ ಓದಬೇಕೆಂದಿಲ್ಲ, ಅದನ್ನು ವಾಪಸು ತಂದವರ ಮುಖ ನೋಡಿದರೆ ಸಾಕು. ಮಂಗಳೂರಿನ ಕುಲಶೇಖರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನನ್ನ ಸಣ್ಣ ಲೈಬ್ರರಿ ಉಂಟು. ಎಂ.ಎ. ಇಂಗ್ಲಿಷ್ ಮಾಡಿ ಕೊನೆಗೆ ಇದಾ ಎಂದು ಕೇಳುತ್ತಿದ್ದವರೆಲ್ಲ ಈಗ ಕೇಳುವುದಿಲ್ಲ. ಅವರೂ ಮೆಂಬರಾಗಿದ್ದಾರೆ.

ಈಚೆಗೆ ನನ್ನಲ್ಲಿ ಅತಿ ಹೆಚ್ಚು ಓಡಾಡುವುದು ಒಂದು ಇಂಗ್ಲಿಷ್ ಸರಣಿ. ಗಂಧರ್ವರ ಕಥೆ ಎಂದು ತಿಳಿದುಕೊಳ್ಳಿ. ಒಬ್ಬಳು ಬಡ ಹುಡುಗಿ, ನಮ್ಮ ನಿಮ್ಮಂಥ ಮನುಷ್ಯಳು. ಅವಳನ್ನು ಮದುವೆಯಾಗಿ ಕರೆದುಕೊಂಡು ಹೋಗುವವನು ತಲೆಯ ಮೇಲೆ ಜಿಂಕೆಯ ಕೊಂಬಿರುವ ಕಾಡಿನ ರಾಜ. ನಾಲ್ಕು ಭಾಗ ಇಬ್ಬರೂ ಅನ್ಯೋನ್ಯ. ಪ್ರತಿ ಭಾಗದಲ್ಲೂ ಕೆಲವು ಅಧ್ಯಾಯಗಳನ್ನು ಫ್ಯಾನ್ ಹಾಕಿಕೊಂಡೇ ಓದಬೇಕು. ಮಂಗಳೂರಿನ ಸೆಕೆಗೆ ಫ್ಯಾನು ಹೇಗೂ ತಿರುಗುತ್ತಲೇ ಇರುತ್ತದೆ, ಹಾಗಾಗಿ ಮನೆಯವರಿಗೆ ಸಂಶಯ ಬರುವುದಿಲ್ಲ.

ಐದನೆಯ ಭಾಗದಲ್ಲಿ ಲೇಖಕಿ ಕೈ ಕೊಟ್ಟಳು. ಮದುವೆಯ ದಿನ ಹುಡುಗಿಗೆ ಕುಡಿಸಿದ ದ್ರಾಕ್ಷಾರಸದಲ್ಲಿ ಮಂತ್ರ ಹಾಕಿದ್ದರಂತೆ. ಅದು ಗೊತ್ತಾದ ಕೂಡಲೇ ಅವಳು ಕಾಡಿನ ರಾಜನನ್ನು ಬಿಟ್ಟು ಅವನ ವೈರಿ, ಸಮುದ್ರದ ರಾಜಕುಮಾರನ ಹತ್ತಿರ ಹೋಗಿಬಿಡುತ್ತಾಳೆ. ಅಲ್ಲಿಂದ ನನ್ನ ಲೈಬ್ರರಿಯಲ್ಲಿ ನೆಮ್ಮದಿ ಹೋಯಿತು.

ಹೊಲಿಗೆ

ಆ ಭಾಗವನ್ನು ಮೊದಲು ಒಯ್ದವರು ನರ್ಸ್ ಬಾಯಿ. ಇಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು. ಕುವೈಟಿನ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿ ಬಂದವರು, ದಿನಾ ಬೆಳಿಗ್ಗೆ ಪೂಜೆಗೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವರು. ಸರಣಿಯ ಮೊದಲ ಪುಸ್ತಕ ಕೊಡುವಾಗಲೇ, "ಬಾಯಿ, ಇದರಲ್ಲಿ ಸ್ವಲ್ಪ ಅಂಥದ್ದೆಲ್ಲ ಉಂಟು" ಎಂದು ಎಚ್ಚರಿಸಿದ್ದೆ.

"ನಾನು ಹೆರಿಗೆ ವಾರ್ಡಿನಲ್ಲಿ ಇದ್ದವಳು. ಅಂಥದ್ದೆಲ್ಲ ಕೊನೆಗೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು" ಎಂದಿದ್ದರು.

ಐದನೆಯ ಭಾಗವನ್ನು ಅವರು ತಂದು ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಅಸಮಾಧಾನ ಕಾಣುತ್ತಿತ್ತು. ಅದರಲ್ಲಿ ಸಮುದ್ರದ ರಾಜಕುಮಾರನಿಗೆ ಯುದ್ಧದಲ್ಲಿ ಭುಜದಿಂದ ಸೊಂಟದವರೆಗೆ ಗಾಯವಾಗುತ್ತದೆ. ಹುಡುಗಿ ತಾನೇ ಕೂತು ಹೊಲಿಗೆ ಹಾಕುತ್ತಾಳೆ. ಅದರ ಮುಂದಿನ ಅಧ್ಯಾಯವೇ ಫ್ಯಾನಿನ ಅಧ್ಯಾಯ.

"ಹೊಲಿಗೆ ನಿಲ್ತದಾ ಅದು? ನೀವೇ ಹೇಳಿ" ಎಂದರು ಬಾಯಿ.

"ಗಂಧರ್ವರ ಗಾಯ ಬೇಗ ಮಾಗ್ತದಂತೆ ಬಾಯಿ."

"ಮಾಗಲಿ. ಅವಳು ಸೂಜಿ ಕುದಿಸಿದ್ದಾಳಾ? ಎಲ್ಲಿಯಾದರೂ ಬರೆದುಂಟಾ ಅಂತ ಆ ಅಧ್ಯಾಯವನ್ನು ಮೊದಲಿಂದ ಕೊನೆವರೆಗೆ ಎರಡು ಸಲ ಓದಿದೆ. ಅದರ ಮುಂದಿನ ಅಧ್ಯಾಯವನ್ನೂ ಹಾಗೇ ಓದಿದೆ, ಅಲ್ಲಿಯಾದರೂ ಇರ್ತದಾ ಅಂತ."

ಆ ಫ್ಯಾನಿನ ಅಧ್ಯಾಯವನ್ನು ಎರಡೆರಡು ಸಲ ಓದಿದವರು ನನ್ನಲ್ಲಿ ಬೇಕಾದಷ್ಟು ಇದ್ದಾರೆ. ಆರೋಗ್ಯದ ದೃಷ್ಟಿಯಿಂದ ಓದಿದವರು ಇವರೊಬ್ಬರೇ.

ಅವನಿಗೆ ತಂಗಿ ಇಲ್ವಾ

ಎರಡನೆಯ ಓದುಗರು ಹೋಟೆಲಿನ ಅಕ್ಕ. ಬಂಟರ ದೊಡ್ಡ ಕುಟುಂಬ. ಒಂದು ಕಾಲದಲ್ಲಿ ಗದ್ದೆ ಇದ್ದವರು, ಈಗ ಹೋಟೆಲು. ಅಕ್ಕ ಮತ್ತು ನರ್ಸ್ ಬಾಯಿ ಅಕ್ಕಪಕ್ಕದ ಮನೆಯವರು. ನಡುವಿನ ಕಂಪೌಂಡ್ ಗೋಡೆಯಲ್ಲಿ ಒಂದು ಸಣ್ಣ ಗೇಟು ಇಟ್ಟುಕೊಂಡಿದ್ದಾರೆ. ಬಾಯಿ ಬೆಳಿಗ್ಗೆ ಆ ಗೇಟಿನಿಂದ ಬಂದು ಅಕ್ಕನ ಬಿ.ಪಿ. ನೋಡುವುದು, ಸಂಜೆ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುವುದು ಎಷ್ಟೋ ವರ್ಷದ ಕ್ರಮ. ಇಬ್ಬರ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಾನದನ್ನು ಕನ್ನಡಕ್ಕೆ ತಂದಿದ್ದೇನೆ, ಕೆಲವು ಶಬ್ದಗಳನ್ನು ತಂದಿಲ್ಲ.

ಅಕ್ಕನಿಗೆ ಫ್ಯಾನಿನ ಅಧ್ಯಾಯಗಳ ಬಗ್ಗೆ ತಕರಾರಿಲ್ಲ. ಅವರ ಚಿಂತೆ ಅರಮನೆಯ ಆಡಳಿತದ್ದು. "ದಿನಾ ಇಷ್ಟು ಜನಕ್ಕೆ ಊಟ ಹಾಕ್ತಾರಲ್ಲ, ಒಬ್ಬ ಅಡುಗೆಯವನ ಹೆಸರಾದರೂ ಬರ್ತದಾ? ರಾಜ ಒಂದು ಸಲವಾದರೂ ಅಡುಗೆಮನೆಗೆ ಕಾಲಿಟ್ಟಿದ್ದಾನಾ? ನಾವು ಹಾಗಿದ್ದರೆ ನಮ್ಮ ಹೋಟೆಲು ಎಂದೋ ಮುಚ್ಚುತ್ತಿತ್ತು."

ಅದಕ್ಕಿಂತ ದೊಡ್ಡ ಪ್ರಶ್ನೆ ಆಸ್ತಿಯದ್ದು. ತನಗೆ ಗಂಡುಮಗುವಿಲ್ಲ, ಇಷ್ಟು ದೊಡ್ಡ ಕಾಡು ಯಾರ ಪಾಲಾಗುತ್ತದೋ ಎಂದು ಕೊಂಬಿನ ರಾಜ ಐದನೆಯ ಭಾಗದಲ್ಲಿ ಪುಟಗಟ್ಟಲೆ ಕೊರಗುತ್ತಾನೆ.

"ಅವನಿಗೆ ತಂಗಿ ಇದ್ದಾಳಲ್ಲ, ಎರಡನೆಯ ಭಾಗದಲ್ಲಿ ಬಂದಿದ್ದಳು" ಎಂದರು ಅಕ್ಕ. "ಅವಳಿಗೆ ಮಗ ಇಲ್ವಾ?"

"ಇದ್ದಾನೆ ಅಕ್ಕ."

"ಮತ್ತೆ ಎಂತ ಮಾರಾಯ್ತಿ ತೊಂದರೆ? ಸೋದರಳಿಯನಿಗೆ ಹೋಗ್ತದೆ."

ಗಂಧರ್ವರಲ್ಲಿ ಬಂಟರ ಹಾಗೆ ಅಳಿಯಸಂತಾನ ಪದ್ಧತಿ ಇಲ್ಲ, ಅವರಲ್ಲಿ ಅಪ್ಪನ ಆಸ್ತಿ ಮಗನಿಗೇ ಎಂದು ನಾನು ವಿವರಿಸಿದೆ.

"ಹಾಗಾದರೆ ಐದು ಭಾಗ ಯುದ್ಧ ಆಗದೆ ಮತ್ತೆ ಎಂತ ಆಗ್ತದೆ" ಎಂದರು ಅಕ್ಕ.

ಸುರತ್ಕಲ್ ಬಸ್ಸಿನಲ್ಲಿ

ಪುಸ್ತಕದ ರಕ್ಷಾಪುಟದಲ್ಲಿ ಅಂಗಿ ಇಲ್ಲದ ರಾಜಕುಮಾರ ನಿಂತಿದ್ದಾನೆ. ನರ್ಸ್ ಬಾಯಿ ಅವನಿಗೆ ನ್ಯೂಸ್ ಪೇಪರಿನ ಬೈಂಡ್ ಹಾಕಿದ್ದರು, ಅದೂ ಶ್ರದ್ಧಾಂಜಲಿಯ ಪುಟ. ಆ ಪುಟ ಇದ್ದರೆ ಪಕ್ಕದವರು ಬಗ್ಗಿ ನೋಡುವುದಿಲ್ಲ ಎಂಬುದು ಅವರ ಲೆಕ್ಕ. ನಾನೂ ಅದನ್ನು ತೆಗೆಯಲಿಲ್ಲ.

ಮೂರನೆಯದಾಗಿ ಅದು ಹೋದದ್ದು ಸುರತ್ಕಲ್‌ನಲ್ಲಿ ಪಾಠ ಮಾಡುವ ಒಬ್ಬರು ಲೆಕ್ಚರರಿಗೆ. ಬಸ್ಸಿನಲ್ಲಿ ಓದುತ್ತ, ಹುಡುಗಿ ಕಾಡಿನ ರಾಜನನ್ನು ಬಿಟ್ಟು ಹೋಗುವ ಜಾಗ ಬಂದಾಗ ಅವರಿಗೆ ಅಳು ತಡೆಯಲಿಲ್ಲ. ಪಕ್ಕದಲ್ಲಿ ಕಾಟಿಪಳ್ಳಕ್ಕೆ ಹೊರಟಿದ್ದ ಒಬ್ಬರು ಹೆಂಗಸು ಇವರ ಕಣ್ಣೀರು ನೋಡಿದರು. ಬೈಂಡಿನ ಮೇಲಿದ್ದ, ಕೋಟು ಹಾಕಿದ ಅಜ್ಜನ ಫೋಟೋ ನೋಡಿದರು.

"ಅಪ್ಪನಾ?" ಎಂದು ಮೆಲ್ಲಗೆ ಕೇಳಿದರು.

ಲೆಕ್ಚರರ್ ಇನ್ನೂ ಕಥೆಯೊಳಗೇ ಇದ್ದರು. ಪ್ರಶ್ನೆ ಸರಿಯಾಗಿ ತಲೆಗೆ ಹೋಗಲಿಲ್ಲ. ಬಿಕ್ಕುತ್ತ, "ಅವಳು ಬಿಟ್ಟು ಹೋದಳು" ಎಂದುಬಿಟ್ಟರು. "ಇನ್ನೊಬ್ಬನ ಒಟ್ಟಿಗೆ."

ಹೆಂಗಸು ಅಜ್ಜನ ಫೋಟೋವನ್ನು ಇನ್ನೊಮ್ಮೆ ನೋಡಿದರು. ಎದ್ದು ತಮ್ಮ ಕಿಟಕಿಯ ಸೀಟನ್ನು ಇವರಿಗೆ ಬಿಟ್ಟುಕೊಟ್ಟರು.

"ಈ ಪ್ರಾಯದಲ್ಲಿ ಬಿಟ್ಟು ಹೋದರೆ ಮತ್ತೆ ಯಾವ ಗಂಡಸು ಬದುಕ್ತಾನೆ" ಎಂದರು.

ಗೇಟಿಗೆ ಅಡ್ಡ ಹೂಕುಂಡ

ಅಕ್ಕ ಮತ್ತು ಬಾಯಿ ಇಬ್ಬರದೂ ಓದಿ ಮುಗಿದ ಮೇಲೆ ವಾಕಿಂಗಿನಲ್ಲಿ ಚರ್ಚೆ ಸುರುವಾಯಿತು. ಒಂದು ಸಂಜೆ ನಾನೂ ಜೊತೆಗಿದ್ದೆ.

ಬಾಯಿಯ ವಾದ ಸರಳ. "ಮದುವೆ ಅಂದರೆ ಮದುವೆ. ದೇವರು ಜೋಡಿಸಿದ್ದು. ಕುಡಿಸಿದರೋ, ಅವಳೇ ಕುಡಿದಳೋ, ನಾಲ್ಕು ಭಾಗ ಸಂಸಾರ ಮಾಡಿದ್ದಾಳಲ್ಲ. ಈಗ ನೆನಪಾದದ್ದಾ?"

ಅಕ್ಕನದೂ ಸರಳವೇ. "ನನ್ನ ಅಜ್ಜಿಯ ಕಾಲದಲ್ಲಿ ಸರಿ ಬರದಿದ್ದರೆ ಬಿಡಿಸಿಕೊಂಡು ಇನ್ನೊಂದು ಮಾಡ್ತಿದ್ದರು. ಯಾರೂ ಪುಸ್ತಕ ಬರೀಲಿಲ್ಲ."

"ಅದು ನಿಮ್ಮವರಲ್ಲಿ."

"ಗಂಧರ್ವರು ನಿಮ್ಮವರಾ ಹಾಗಾದರೆ?"

ಇಲ್ಲಿಯವರೆಗೆ ನಗುವಂಥದ್ದೇ. ಆದರೆ ಅಕ್ಕ ಇನ್ನೊಂದು ಮಾತು ಸೇರಿಸಿದರು. "ಎಲ್ಲರಿಗೂ ನಿಮ್ಮ ಹಾಗೆ ಸಹಿಸಿಕೊಂಡು ಇರ್ಲಿಕ್ಕೆ ಆಗುವುದಿಲ್ಲ ಬಾಯಿ."

ಬಾಯಿಯ ಯಜಮಾನರು ಈಗಿಲ್ಲ. ಇದ್ದಾಗ ಕುಡಿತ ಜೋರಿತ್ತು, ಹೊಡೆಯಲಿಕ್ಕೆ ಕೈಯೂ ಮುಂದಿತ್ತು. ಅದು ಕುಲಶೇಖರದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತೆತ್ತುವುದಿಲ್ಲ. ಬಾಯಿ ಅರ್ಧ ದಾರಿಯಿಂದಲೇ ಮನೆಗೆ ಹೋದರು. ಮರುದಿನ ನೋಡಿದರೆ ಸಣ್ಣ ಗೇಟಿಗೆ ಅಡ್ಡವಾಗಿ, ಅವರ ಕಡೆಯಿಂದ, ಒಂದು ದೊಡ್ಡ ಹೂಕುಂಡ.

ಆಮೇಲೆ ನನ್ನ ಕಷ್ಟ ಸುರುವಾಯಿತು. ಬಾಯಿ ಲೈಬ್ರರಿಗೆ ಬಂದು ಪುಸ್ತಕ ಹುಡುಕುವವರಂತೆ ಮಾಡಿ, "ಪಕ್ಕದ ಮನೆಯವರು ಮಾತ್ರೆ ತಗೊಳ್ತಾರಂತಾ?" ಎಂದು ಕೇಳುವುದು. ಅಕ್ಕ ಫೋನ್ ಮಾಡಿ, "ನಿನ್ನ ಮೆಂಬರ್ ಒಬ್ಬರು ಸಂಜೆ ಒಬ್ಬರೇ ವಾಕಿಂಗ್ ಹೋಗ್ತಾರೆ, ಆ ರಸ್ತೆಯಲ್ಲಿ ನಾಯಿ ಉಂಟು, ಹೇಳು" ಎನ್ನುವುದು.

"ನೀವೇ ಹೇಳಿ ಅಕ್ಕ, ಗೋಡೆ ಇಷ್ಟೇ ಎತ್ತರ ಇರುವುದು" ಎಂದೆ.

"ನಾನು ಯಾಕೆ ಹೇಳಬೇಕು? ಅವರು ಕಾಡಿನ ರಾಜನ ಪಾರ್ಟಿ."

ಫಾದರ್ ಬಂದರು

ವಾದದಲ್ಲಿ ಗೆಲ್ಲಬೇಕೆಂದು ಬಾಯಿ ಒಂದು ಉಪಾಯ ಮಾಡಿದ್ದರು. ಪೂಜೆ ಮುಗಿದ ಮೇಲೆ ನೇರ ಫಾದರ್ ಹತ್ತಿರ ಹೋಗಿ ತೀರ್ಪು ಕೇಳಿದ್ದರು. ಆದರೆ ಅಂಗಿ ಇಲ್ಲದ ರಾಜಕುಮಾರನ ಪುಸ್ತಕ ಓದುತ್ತೇನೆಂದು ಫಾದರ್ ಎದುರು ಹೇಳುವುದು ಹೇಗೆ? ಹಾಗಾಗಿ ಸುಮ್ಮನೆ, "ಒಬ್ಬಳು ಹುಡುಗಿ ಇದ್ದಾಳೆ ಫಾದರ್. ಮದುವೆಯ ದಿವಸ ಅವಳಿಗೆ ಏನೋ ಕುಡಿಸಿದ್ದರಂತೆ. ಈಗ ಗಂಡನನ್ನು ಬಿಟ್ಟು ಇನ್ನೊಬ್ಬನ ಒಟ್ಟಿಗೆ ಇದ್ದಾಳೆ. ಅದು ತಪ್ಪಲ್ವಾ?" ಎಂದು ಕೇಳಿದ್ದರು.

ಫಾದರ್ ಒಳ್ಳೆಯವರು. ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳುವವರಲ್ಲ. "ಮೊದಲು ಆ ಹುಡುಗಿಗೆ ಸಹಾಯ ಮಾಡುವ" ಎಂದರು. ಆ ಶನಿವಾರ ಸಂಜೆ ಬಾಯಿಯ ಮನೆ ಬಾಗಿಲಿಗೇ ಬಂದರು. ಅವಳನ್ನು ಚೆನ್ನಾಗಿ ಬಲ್ಲವರು ಇನ್ನು ಯಾರಿದ್ದಾರೆ, ಅವರ ಹತ್ತಿರವೂ ಮಾತಾಡಬೇಕು ಎಂದರು.

ಫಾದರ್ ಎದುರು ಸುಳ್ಳು ಹೇಳುವ ಅಭ್ಯಾಸ ಬಾಯಿಗಿಲ್ಲ. ಆ ಹುಡುಗಿಯನ್ನು ತನ್ನಷ್ಟೇ ಚೆನ್ನಾಗಿ ಬಲ್ಲವರು ಊರಿನಲ್ಲಿ ಇನ್ನೊಬ್ಬರೇ.

ನಾನು ಆಗ ಅಕ್ಕನ ಮನೆಯ ಚಾವಡಿಯಲ್ಲಿದ್ದೆ. ಐದನೆಯ ಭಾಗ ಇನ್ನೊಮ್ಮೆ ಬೇಕು, ಪಾಯಿಂಟ್ ಹುಡುಕಲಿಕ್ಕುಂಟು ಎಂದು ಅಕ್ಕ ತರಿಸಿಕೊಂಡಿದ್ದರು. ಹೂಕುಂಡ ಎಳೆಯುವ ಶಬ್ದ ಕೇಳಿ ಇಬ್ಬರೂ ಎದ್ದೆವು. ಮುಂದೆ ಬಾಯಿ, ಹಿಂದೆ ಬಿಳಿ ನಿಲುವಂಗಿಯ ಫಾದರ್. ನಾನು ಪುಸ್ತಕದ ಮೇಲೆ ಕೂತುಕೊಂಡೆ.

"ಗಂಡನನ್ನು ಬಿಟ್ಟ ಆ ಹುಡುಗಿಯ ವಿಷಯ" ಎಂದರು ಫಾದರ್. "ನಿಮಗೂ ಅವಳು ಗೊತ್ತಂತಲ್ಲ?"

ಅಕ್ಕ ಬಾಯಿಯ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಆ ಮುಖ ಅಂಥ ಸ್ಥಿತಿಯಲ್ಲಿ ಇದ್ದದ್ದನ್ನು ಅವರು ನೋಡಿರಲಿಲ್ಲ. ಬೇಕಾದರೆ ಒಂದೇ ಮಾತಿನಲ್ಲಿ ಗೆದ್ದುಬಿಡಬಹುದಿತ್ತು.

"ಕುತ್ಕೊಳ್ಳಿ ಫಾದರ್" ಎಂದರು ಅಕ್ಕ. "ಮೊದಲಿಂದಲೂ ಗೊತ್ತು. ಒಳ್ಳೆ ಹುಡುಗಿ."

"ಗಂಡ ಎಂತ ಮಾಡಿಕೊಂಡಿದ್ದಾನೆ?"

"ಕಾಡು ನೋಡಿಕೊಳ್ತಾನೆ" ಎಂದರು ಬಾಯಿ, ನೆಲ ನೋಡುತ್ತ.

"ಫಾರೆಸ್ಟ್ ಡಿಪಾರ್ಟ್‌ಮೆಂಟಾ?"

"ಸ್ವಂತ ಕಾಡು ಫಾದರ್."

"ಈಗ ಯಾರೊಟ್ಟಿಗೆ ಇದ್ದಾಳೋ, ಅವನು?"

"ಅವನು ಸಮುದ್ರದಲ್ಲಿ."

"ಶಿಪ್ಪಿನಲ್ಲಿ" ಎಂದು ಫಾದರ್ ತಾವೇ ಅರ್ಥ ಮಾಡಿಕೊಂಡರು. "ಪ್ರಾಯ?"

ಪುಸ್ತಕದ ಪ್ರಕಾರ ಅವನಿಗೆ ಸಾವಿರದ ಹತ್ತಿರ. ಬಾಯಿ ಸೆರಗಿನಿಂದ ಹಣೆ ಒರೆಸಿಕೊಂಡರು. "ಅವಳಿಗಿಂತ ಸ್ವಲ್ಪ ಹೆಚ್ಚು" ಎಂದರು.

"ಸ್ವಲ್ಪ ಅಂದರೆ?"

"ನೋಡಿದರೆ ಗೊತ್ತಾಗುವುದಿಲ್ಲ ಫಾದರ್" ಎಂದರು ಅಕ್ಕ. "ಮೈಕಟ್ಟು ಒಳ್ಳೆದುಂಟು."

ನಾನು ಫ್ಯಾನು ನೋಡಿದೆ.

ಫಾದರ್ ಮಾತ್ರ ಗಂಭೀರವಾಗಿಯೇ ಇದ್ದರು. ಮನಸ್ಸಿಲ್ಲದೆ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾಗ ಕಟ್ಟಿದ ಮದುವೆಯನ್ನು ನಮ್ಮ ಧರ್ಮಸಭೆಯೂ ಮದುವೆ ಎನ್ನುವುದಿಲ್ಲ, ಅದನ್ನು ವಿಚಾರಿಸಲಿಕ್ಕೆ ಕ್ರಮ ಉಂಟು ಎಂದರು. ಮತ್ತೆ ನಿಧಾನವಾಗಿ ಹೇಳಿದರು: "ಸಹಿಸಿಕೊಂಡು ಇರು ಅಂತ ಅವಳಿಗೆ ಯಾರೂ ಹೇಳಬಾರದು. ಸಹಿಸಿಕೊಂಡು ಉಳಿದವರನ್ನೂ ಯಾರೂ ಹಗುರ ಮಾಡಬಾರದು. ಎರಡೂ ಸುಲಭ ಅಲ್ಲ."



"ಆ ಎರಡನೆಯ ತಪ್ಪು ನಾನು ಮಾಡಿದ್ದು ಫಾದರ್" ಎಂದರು ಅಕ್ಕ. "ಹಾಗೆ ಹೇಳಬಾರದಿತ್ತು." ಹೇಳಿದ್ದು ಫಾದರ್‌ಗೆ, ನೋಡಿದ್ದು ಬಾಯಿಯನ್ನು.

ಬಾಯಿ ಮೂಗು ಒರೆಸಿಕೊಂಡರು. "ಇವರ ಮುಖ ನೋಡಿ, ಎಷ್ಟು ಕೆಂಪಾಗಿದೆ. ಈ ವಾರ ಯಾರೂ ಬಿ.ಪಿ. ನೋಡಿಲ್ಲ ಕಾಣ್ತದೆ" ಎಂದು ಮಿಷಿನ್ ತರಲು ಗೇಟಿನ ಕಡೆ ಹೋದರು.

ಅವರು ಬಂದು ಅಕ್ಕನ ಕೈಗೆ ಪಟ್ಟಿ ಕಟ್ಟುತ್ತಿರುವಾಗ ಫಾದರ್ ಹೊರಟು ನಿಂತರು. "ಬಾಕಿ ವಿಷಯ ಅವಳು ಬಂದಾಗ ನೋಡುವ, ಒತ್ತಾಯ ಮಾಡುವುದು ಬೇಡ. ನಾಳೆ ಪೂಜೆಯಲ್ಲಿ ಅವಳಿಗಾಗಿ ಪ್ರಾರ್ಥನೆ ಮಾಡ್ತೇನೆ. ಹೆಸರು ಎಂತ?"

ಸುಳ್ಳು ಹೇಳುವ ಹಾಗಿಲ್ಲ. ಬಾಯಿ ಕಣ್ಣು ಮುಚ್ಚಿ, ಪುಸ್ತಕದಲ್ಲಿದ್ದ ಹೆಸರನ್ನೇ, "ಬ್ರಿನ್ಸಿಲ್" ಎಂದರು.

ಇದೋ, ಮುಗಿಯಿತು ಎಂದುಕೊಂಡೆ ನಾನು. ಫಾದರ್ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು.

"ಹೆಸರು ನೋಡಿದರೆ ಕೇರಳದ ಕಡೆಯವಳು" ಎಂದರು.

ಮರುದಿನ ನಾವು ಮೂವರೂ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಇದ್ದೆವು. ಒಬ್ಬಳೇ ಕೂತು ನಗು ತಡೆದುಕೊಳ್ಳಲಿಕ್ಕೆ ತನ್ನಿಂದಾಗದು ಎಂದು ಬಾಯಿ ನಮ್ಮನ್ನು ಎಳೆದುಕೊಂಡು ಹೋಗಿದ್ದರು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕಷ್ಟದಲ್ಲಿರುವ ಮಗಳು ಬ್ರಿನ್ಸಿಲ್‌ಳಿಗೆ ದೇವರು ದಾರಿ ತೋರಿಸಲಿ, ಅವಳನ್ನು ಎಲ್ಲ ಅಪಾಯದಿಂದ ಕಾಯಲಿ ಎಂದು ಫಾದರ್ ಕೊಂಕಣಿಯಲ್ಲಿ ಬೇಡಿಕೊಂಡರು. ತುಂಬಿದ ಇಗರ್ಜಿ ಒಂದೇ ಸ್ವರದಲ್ಲಿ, ಓ ದೇವರೇ, ನಮ್ಮ ಮಾತು ಕೇಳು ಎಂದಿತು. ಬಾಯಿ ತಲೆ ತಗ್ಗಿಸಿ ಸೆರಗನ್ನು ತುಟಿಗೆ ಒತ್ತಿಕೊಂಡಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ ನೋಡಿ, ಪಾಪ, ಹತ್ತಿರದ ಸಂಬಂಧ ಇರಬೇಕು ಎಂಬಂತೆ ಅವರ ಕೈ ಸವರಿದರು.

ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇನ್ನು ಆರನೆಯ ಭಾಗದಲ್ಲಿ ಅವಳಿಗೆ ಎಂತ ಸಹ ಆಗುವುದಿಲ್ಲ, ನೋಡು" ಎಂದರು. "ಬರೆಯುವವಳು ಎಂತ ಬೇಕಾದರೂ ಬರೆಯಲಿ."