ಹೊಳೆ ನೀರಿನ ಗುಳ್ಳೆ

ಹಾಲಸಿದ್ದಪ್ಪ ಮಾಸ್ತರರಿಗೆ ಒಂದೇ ಒಂದು ಸೋಪಿನ ಗುಳ್ಳೆ ಬೇಕಾಗಿತ್ತು. ಅದೂ ಇವತ್ತೇ ಬೇಕಾಗಿತ್ತು. ಫೆಬ್ರುವರಿ ಇಪ್ಪತ್ತೆಂಟು ಎಲ್ಲರಿಗೂ ವಿಜ್ಞಾನ ದಿನ, ಅವರಿಗೆ ಮಾತ್ರ ನಿವೃತ್ತಿಯ ದಿನ. ಕುರುಗೋಡಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಗುಳ್ಳೆಯ ಪಾಠ ಮಾಡಿದವರು ಒಮ್ಮೆಯೂ ಗುಳ್ಳೆ ಊದಿರಲಿಲ್ಲ. ಬೋರ್ಡಿನ ಮೇಲೆ ಒಂದು ಸೊನ್ನೆ ಸುತ್ತಿ, "ಇದೇ ಗುಳ್ಳಿ, ಬರ್ಕೊಳ್ರಿ" ಅಂದುಬಿಡುತ್ತಿದ್ದರು.

ಅವಸರಕ್ಕೆ ಕಾರಣ ಅರುಣಾ. ಹಳೇ ವಿದ್ಯಾರ್ಥಿನಿ, ಈಗ ಬಳ್ಳಾರಿಯಲ್ಲಿ ದೊಡ್ಡ ಅಧಿಕಾರಿ, ಇವತ್ತಿನ ಸನ್ಮಾನಕ್ಕೆ ಮುಖ್ಯ ಅತಿಥಿ. ಇಪ್ಪತ್ತೇಳು ವರ್ಷದ ಹಿಂದೆ ಮಾಸ್ತರರು ಸೊನ್ನೆ ಸುತ್ತುತ್ತಿದ್ದಾಗ ಬೆನ್ನ ಹಿಂದಿನಿಂದ ಒಂದು ನಿಜವಾದ ಗುಳ್ಳೆ ತೇಲಿ ಬಂದು, ಬಣ್ಣ ಬಣ್ಣವಾಗಿ ಮಿನುಗಿ, ಆ ಸೊನ್ನೆಯ ಮೇಲೇ ಒಡೆದಿತ್ತು. ತರಗತಿ ಗೊಳ್ಳೆಂದಿತ್ತು. ಮೂರನೇ ಬೆಂಚಿನ ಕೆಂಪು ರಿಬ್ಬನ್ನಿನ ಹುಡುಗಿಯ ಕೈಯಲ್ಲಿದ್ದ ಪರಂಗಿ ಎಲೆಯ ಟೊಳ್ಳು ದಂಟನ್ನು ಕಸಿದು ಮುರಿದು, "ಗುಳ್ಳಿ ಊದಾಕ ಸಾಲಿ ಯಾಕ ಬೇಕು? ಮನ್ಯಾಗ ಭಾಂಡಿ ತಿಕ್ಕು ಹೋಗು" ಎಂದು ಹೊರಗೆ ಹಾಕಿದ್ದರು. ವಯಸ್ಸಾದಂತೆಲ್ಲ ಆ ಮಾತು ಅವರನ್ನೇ ಚುಚ್ಚತೊಡಗಿತು. ಇಷ್ಟು ವರ್ಷದಲ್ಲಿ ಆ ಪಾಠವನ್ನು ನಿಜವಾಗಿ ಮಾಡಿದವಳು ಅವಳೊಬ್ಬಳೇ. ಎಲ್ಲರೆದುರು ಒಂದು ಗುಳ್ಳೆ ಊದಿ "ತಪ್ಪಾತವ್ವ" ಅನ್ನಬೇಕು. ಬರೀ ಬಾಯಿಮಾತಲ್ಲಿ ಅನ್ನಲು ಅವರಿಗೆ ನಾಲಿಗೆ ಏಳುತ್ತಿರಲಿಲ್ಲ.

ತೊಡಕೆಂದರೆ ನೀರು. ಊರಿನ ಬೋರಿನ ನೀರು ಗಡಸು. ಅದರೊಳಗಿನ ಸುಣ್ಣದಂಶ ಸೋಪನ್ನು ಹಿಡಿದು ಮೊಸರಿನ ಹಾಗೆ ಗರಣೆ ಕಟ್ಟಿಸುತ್ತದೆ, ಗುಳ್ಳೆಯ ತೆಳ್ಳನೆಯ ಪೊರೆ ಹಿಗ್ಗುವುದೇ ಇಲ್ಲ. ಓಣಿಯ ಫಿಲ್ಟರ್ ಯಂತ್ರ ಕೆಟ್ಟು ತಿಂಗಳಾಗಿತ್ತು. ಹಾಗಾಗಿ ಮಾಸ್ತರರು ಮೊದಲ ಬಸ್ಸಿಗೆ ಸಿರುಗುಪ್ಪ, ಅಲ್ಲಿಂದ ರಾರಾವಿಗೆ ಹೋಗಿ, ಹೊಳೆಯ ಮೆದು ನೀರನ್ನು ಒಂದು ಕ್ಯಾನ್ ತುಂಬಿಕೊಂಡು ಓಣಿಗೆ ಮರಳಿದರು.

ನೆರೆಮನೆಯ ಗಿಡ್ಡಮ್ಮ ಅಡ್ಡಬಂದಳು. "ಕ್ಯಾನ್‌ನ್ಯಾಗ ಏನೈತ್ರಿ ಮಾಸ್ತರ?"

"ಹೊಳಿ ನೀರು."

ಹಾಗೆ ಅಂದದ್ದೇ ತಪ್ಪಾಯಿತು.

"ಗಂಗವ್ವ ತಾನಾಗೇ ಓಣಿಗೆ ಬಂದಾಳ! ದೇವರ ಜಗಲಿಗೆ ಒಂದು ತಂಬಿಗಿ ಕೊಡ್ರಿ!"

"ಸೋಪು ಕಲಸಾಕ ತಂದೀನವ್ವಾ..."

"ಗಂಗವ್ವಗ ಸೋಪು ಹಚ್ತೀರೇನು? ರಿಟೇರ್ ಆಗೂ ದಿನ ಇದೇನ್ ಬುದ್ಧಿರೀ!"

ಹತ್ತು ಮನೆಯ ತಂಬಿಗೆಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಹೆಡ್‌ಮಾಸ್ತರ್ ಗುರುಸ್ವಾಮಿ ಬಂದು, ತಮ್ಮ ಸನ್ಮಾನ ಭಾಷಣವನ್ನು ಕೇಳಲೇಬೇಕೆಂದು ಮಾಸ್ತರರನ್ನು ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಿಸಿದರು. ತಿರುಗಿ ಬಂದು ನೋಡಿದರೆ ಕ್ಯಾನ್ ಕಂಠಮಟ ಇದೆ! ಎಂಥ ಸಂಕೋಚದ ಹೆಣ್ಣುಮಕ್ಕಳು, ಹನಿ ನೀರನ್ನೂ ಮುಟ್ಟಿಲ್ಲ ಎಂದು ಮಾಸ್ತರರ ಮನಸ್ಸು ತುಂಬಿಬಂತು. ತೀರ್ಥ ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ಮನೆಯ ಬೋರಿನ ನಲ್ಲಿಯಿಂದಾದರೂ ತುಂಬಿಸಿ ಕೊಡಬೇಕು ಎಂಬ ಓಣಿಯ ರಿವಾಜು ಅವರಿಗೆ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಮಾಸ್ತರರು ಸೋಪು, ಗ್ಲಿಸರಿನ್ ಅಳೆದು ಕಲಸುವಾಗ ಬಿಸಿಯೂಟದ ಮೀನಾಕ್ಷಿ ಬಂದು ನೋಡಿದಳು. ಆರು ವರ್ಷದಿಂದ ಅವರಿಗೆ ದಿನವೂ ಚಹಾ ಕೊಡುವವಳು. ಕ್ಯಾನಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಇದು ಹೊಳಿ ನೀರಲ್ರಿ ಸರ್, ಬೋರಿಂದು. ಇದರಾಗ ಬ್ಯಾಳಿನೂ ಬೇಯಂಗಿಲ್ಲ, ಗುಳ್ಳಿನೂ ಏಳಂಗಿಲ್ಲ."

"ನಾನಽ ಕೈಯಾರೆ ತುಂಬಿ ತಂದೀನಿ!" ಮಾಸ್ತರರು ರೇಗಿದರು. "ದೊಡ್ಡ ಸಾಲಿ ಕಲ್ತಾಕಿ ಹಂಗ ಹೇಳಾಕ ಬರಬ್ಯಾಡ. ಹೋಗು, ಅನ್ನಕ್ಕ ಇಡು."

ಮೀನಾಕ್ಷಿ ಅನ್ನಕ್ಕೆ ಇಡಲು ಹೋದಳು.

ಮಧ್ಯಾಹ್ನ ವೇದಿಕೆಯ ಮೇಲೆ ಹಾರ, ಶಾಲು, ಎದುರಿಗೆ ಇನ್ನೂರು ಮಕ್ಕಳು. ಮಾಸ್ತರರು ಪರಂಗಿ ದಂಟನ್ನು ಅದ್ದಿ ಊದಿದರು. ಬರೀ ಗಾಳಿ ಬಂತು. ಮತ್ತೆ ಊದಿದರು. ಬಿಳಿ ಗರಣೆಯೊಂದು ಜಾರಿ ಹೊಸ ಶಾಲಿನ ಮೇಲೆ ಬಿತ್ತು. "ಇನ್ನಷ್ಟು ಸೋಪು ಹಾಕ್ರಿ!" ಎಂದರು ಗುರುಸ್ವಾಮಿ. "ಗಂಗವ್ವ ಮುನಿಸ್ಯಾಳ, ನಾ ಮೊದ್ಲಽ ಹೇಳಿದ್ದೆ" ಎಂದು ಹಿಂದಿನ ಸಾಲಿನಿಂದ ಗಿಡ್ಡಮ್ಮ ಕೂಗಿದಳು. ಮಕ್ಕಳು ನಕ್ಕವು, ಆಮೇಲೆ ಅವಕ್ಕೇ ಪಾಪ ಅನ್ನಿಸಿತು.

ಬೆವರುತ್ತಾ ಮಾಸ್ತರರು ದಂಟನ್ನು ಕೆಳಗಿಟ್ಟು ಅರುಣಾಳ ಕಡೆ ತಿರುಗಿದರು. "ಗುಳ್ಳಿ ಬರಲಿಲ್ಲವ್ವಾ. ಆದ್ರ ಆವತ್ತು ನಿನ್ನ ದಂಟು ಮುರಿದು ಹೊರಗ ಹಾಕಿದ್ದು ನನ್ನ ತಪ್ಪು."

ಅರುಣಾಳ ಮುಖ ಸಣ್ಣದಾಯಿತು. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಅದು ನಾನಲ್ರಿ ಸರ್. ನಾ ಆಕಿ ಬಾಜೂಕ ಕುಂತಿದ್ದೆ, ನಂದೂ ಕೆಂಪು ರಿಬ್ಬನ್. ಗುಳ್ಳಿ ಊದಿದಾಕಿ ಮೀನಾಕ್ಷಿ. ಆವತ್ತಿಂದ ಸಾಲಿ ಬಿಟ್ಟಳು. ಈಗ ನಿಮ್ಮ ಸಾಲ್ಯಾಗ ಅಡಿಗಿ ಮಾಡ್ತಾಳಲ್ರಿ, ನಿಮಗ ಗೊತ್ತಿಲ್ಲೇನು?"

ಸಭೆ ಮುಗಿದ ಮೇಲೆ ಮಾಸ್ತರರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಮೀನಾಕ್ಷಿ ಇನ್ನೂರು ತಟ್ಟೆಗಳ ನಡುವೆ ಕೂತು ತಿಕ್ಕುತ್ತಿದ್ದಳು. ಅವರನ್ನು ಕಂಡು ಎದ್ದು, ಕೈ ಒರೆಸಿಕೊಂಡು ಚಹಾ ಕೊಟ್ಟಳು.

"ಗುಳ್ಳಿ ಎದ್ದುವೇನ್ರಿ ಸರ್?"

"ಇಲ್ಲವ್ವಾ. ನೀ ಹೇಳಿದ್ದೇ ಖರೆ." ಮಾಸ್ತರರ ಕಣ್ಣು ಅವಳು ತಿಕ್ಕಿಟ್ಟ ತಟ್ಟೆಗಳ ಮೇಲೆ ಹೋಯಿತು.

"ನಂದೇನ್ ಬಿಡ್ರಿ ಸರ್." ಮೀನಾಕ್ಷಿ ನಕ್ಕು ಮತ್ತೆ ತಟ್ಟೆಗಳಿಗೆ ಕೈಹಾಕಿದಳು. "ನಾ ಎಲ್ಲಿ ಸಾಲಿ ಕಲ್ತಾಕಿ."